ಕೊಲ್ಲಿಯಲ್ಲಿ ಸುಳಿ, ಹೆಮ್ಮಿಗೆಯಲ್ಲಿ ಭತ್ತ

2024ರ ನವೆಂಬರ್ ಕೊನೆಯ ವಾರ. ತಿ. ನರಸೀಪುರ ತಾಲ್ಲೂಕಿನ ಕಾವೇರಿ ಬಯಲಿನಲ್ಲಿ ಭತ್ತ ಹಣ್ಣಾಗುವ ಹೊತ್ತು. ತಲಕಾಡಿನ ನೆರೆಯ ಹೆಮ್ಮಿಗೆಯಂಥ ಊರುಗಳಲ್ಲಿ ಮೊದಲು ನಾಟಿ ಮಾಡಿದವರ ಗದ್ದೆ ಹೊಂಬಣ್ಣಕ್ಕೆ ತಿರುಗಿ ತೆನೆ ಬಾಗಿರುತ್ತದೆ. ತಡವಾಗಿ ನೆಟ್ಟವರದು ಇನ್ನೂ ಹಸಿರು. ಕುಯ್ಲಿಗೆ ಆಳು ಹೇಳುವುದು, ಕಟಾವು ಯಂತ್ರಕ್ಕೆ ಸರದಿ ಹಿಡಿಯುವುದು ಎಲ್ಲ ಶುರುವಾಗುವ ಕಾಲ ಇದೇ. ಅಷ್ಟರಲ್ಲಿ ಟಿ.ವಿ.ಯಲ್ಲಿ, ರೇಡಿಯೊದಲ್ಲಿ, ಮೊಬೈಲಿನಲ್ಲಿ ಆ ಎರಡು ಪದ ಬಂತು: ವಾಯುಭಾರ ಕುಸಿತ.

ಹೊಳೆ ಬಯಲಿನ ರೈತನಿಗೆ ಆ ಸುದ್ದಿ ಬಂದರೆ ಉಳಿಯುವುದು ಒಂದೇ ಪ್ರಶ್ನೆ. ಕುಯ್ಯೋದೋ, ಬಿಡೋದೋ? ಕುಯ್ದು ಹಾಕಿದ ಮೇಲೆ ಮಳೆ ಹಿಡಿದರೆ ಗದ್ದೆಯಲ್ಲಿ ಹರಡಿದ ಅರಿ ನೆನೆದು ಕಾಳು ಅಲ್ಲೇ ಮೊಳೆಯುತ್ತದೆ. ಕುಯ್ಯದೆ ಬಿಟ್ಟರೆ ಗಾಳಿಗೆ ಪೈರು ಮಲಗುತ್ತದೆ, ಕೆಸರಿಗೆ ಯಂತ್ರ ಇಳಿಯುವುದಿಲ್ಲ. ಎರಡು ದಿನ ಮುಂಚೆ ಖಚಿತವಾಗಿ ಗೊತ್ತಾದರೆ ಸಾಕು, ಒಂದು ಬೆಳೆ ಉಳಿಯುತ್ತದೆ.

ಆ ವಾರ ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ಸುಳಿ ಮುಂದೆ ಫೆಂಗಲ್ ಚಂಡಮಾರುತವಾಯಿತು. ಕನ್ನಡ ಪತ್ರಿಕೆಗಳಲ್ಲಿ ಕೆಲವು ಕಡೆ ಫೆಂಜಲ್ ಎಂದೂ ಬಂತು. ಅದು ನೆಲ ಮುಟ್ಟಿದ್ದು ಪುದುಚೇರಿಯ ಹತ್ತಿರ. ಭೂಪಟದಲ್ಲಿ ಪುದುಚೇರಿಯ ಮೇಲೆ ಬೆರಳಿಟ್ಟು ಪಶ್ಚಿಮಕ್ಕೆ ಹೆಚ್ಚುಕಡಿಮೆ ನೆಟ್ಟಗೆ ಎಳೆದರೆ, ಸುಮಾರು 300 ಕಿ.ಮೀ. ದಾಟಿದ ಮೇಲೆ ಬೆರಳು ತಲಕಾಡು, ಹೆಮ್ಮಿಗೆಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಇಂಥ ಒಂದು ಸುಳಿಯ ದಾರಿಯನ್ನೂ ಬಲವನ್ನೂ ಮೊದಲೇ ಹೇಳುವುದು ಹೇಗೆ, ಎಲ್ಲಿಯವರೆಗೆ ಹೇಳಬಹುದು ಎಂಬುದಕ್ಕೆ ಫೆಂಗಲ್ ಒಳ್ಳೆಯ ಪಾಠ. ಅದರ ವಿಚಾರದಲ್ಲಿ ಮುನ್ಸೂಚನೆ ಒಂದು ಕಡೆ ಗೆದ್ದಿತು, ಇನ್ನೊಂದು ಕಡೆ ತಡವರಿಸಿತು.

ಸುಳಿಯ ಹುಟ್ಟು

ಊರಿನ ಮಾತಿನಲ್ಲಿ ಕೊಲ್ಲಿಯಲ್ಲಿ ಏನೇ ಎದ್ದರೂ ಅದು ಸೈಕ್ಲೋನು. ಹವಾಮಾನ ಇಲಾಖೆಯ ಲೆಕ್ಕ ಬಿಗಿಯಾದದ್ದು. ಸುಳಿಯ ಸುತ್ತ ಬೀಸುವ ಗಾಳಿಯ ವೇಗ ಗಂಟೆಗೆ 31 ಕಿ.ಮೀ.ಗಿಂತ ಕಡಿಮೆಯಿದ್ದರೆ ಅದು ಬರೀ ಕಡಿಮೆ ಒತ್ತಡದ ಪ್ರದೇಶ. 31ರಿಂದ 49ರವರೆಗೆ ವಾಯುಭಾರ ಕುಸಿತ. 50ರಿಂದ 61 ತೀವ್ರ ವಾಯುಭಾರ ಕುಸಿತ. 62 ಮುಟ್ಟಿತೋ, ಚಂಡಮಾರುತ. ಆಗಲೇ ಅದಕ್ಕೆ ನಾಮಕರಣ. ಈ ಭಾಗದ 13 ದೇಶಗಳು ಸೇರಿ ಕೊಟ್ಟ ಹೆಸರಿನ ಪಟ್ಟಿಯಿದೆ, ಫೆಂಗಲ್ ಅದರಲ್ಲಿ ಸೌದಿ ಅರೇಬಿಯಾದ ಕೊಡುಗೆ.

ಸುಳಿ ಏಳುವುದಕ್ಕೆ ಮೊದಲು ಬೇಕಾದ್ದು ಬೆಚ್ಚಗಿನ ಕಡಲು. ಮೇಲ್ಮೈ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು. ಆ ನೀರು ಆವಿಯಾಗಿ ಮೇಲೇರುತ್ತದೆ, ಮೇಲೆ ತಣಿದು ಹನಿಗಟ್ಟುತ್ತದೆ. ಹನಿಗಟ್ಟುವಾಗ ಆವಿ ತನ್ನೊಳಗೆ ಹೊತ್ತು ತಂದ ಶಾಖವನ್ನು ಅಲ್ಲೇ ಬಿಟ್ಟುಕೊಡುತ್ತದೆ. ಆ ಶಾಖದಿಂದ ಗಾಳಿ ಇನ್ನಷ್ಟು ಹಗುರಾಗಿ ಏರುತ್ತದೆ, ಕೆಳಗೆ ಒತ್ತಡ ಇಳಿಯುತ್ತದೆ, ಸುತ್ತಲಿನ ಗಾಳಿ ಆ ತಗ್ಗಿಗೆ ನುಗ್ಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ನುಗ್ಗುವ ಗಾಳಿ ನೇರವಾಗಿ ಬಾರದೆ ಬಾಗುತ್ತದೆ. ನಮ್ಮ ಉತ್ತರಾರ್ಧ ಗೋಳದಲ್ಲಿ ಸುಳಿ ಅಪ್ರದಕ್ಷಿಣೆಯಾಗಿ ಸುತ್ತುತ್ತದೆ, ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಯಲ್ಲಿ ಭಕ್ತರು ಸುತ್ತುವುದಕ್ಕೆ ತದ್ವಿರುದ್ಧವಾಗಿ. ಭೂಮಧ್ಯರೇಖೆಯ ತೀರಾ ಹತ್ತಿರ, ಸುಮಾರು ಐದು ಡಿಗ್ರಿಯೊಳಗೆ, ಈ ಬಾಗಿಸುವ ಬಲ ಸಾಲದು. ಹಾಗಾಗಿ ಅಲ್ಲಿ ಚಂಡಮಾರುತ ಹುಟ್ಟುವುದು ಬಲು ಅಪರೂಪ.

ಸುಳಿಯನ್ನು ಕೆಡಿಸುವ ಶತ್ರುವೂ ಒಂದಿದೆ. ಒಲೆಯ ಹೊಗೆ ನೆಟ್ಟಗೆ ಏಳುತ್ತಿರುವಾಗ ಅಡ್ಡಗಾಳಿ ಬೀಸಿದರೆ ಹೊಗೆಯ ಕಂಬ ವಾಲಿ ಚೆದುರುತ್ತದಲ್ಲ, ಹಾಗೆಯೇ ಮೇಲಿನ ಗಾಳಿಯೂ ಕೆಳಗಿನ ಗಾಳಿಯೂ ಬೇರೆ ಬೇರೆ ವೇಗದಲ್ಲಿ, ಬೇರೆ ಬೇರೆ ದಿಕ್ಕಿಗೆ ಬೀಸಿದರೆ ಮೋಡದ ಕಂಬ ಒಂದು ಕಡೆ, ಸುಳಿಯ ನಡು ಇನ್ನೊಂದು ಕಡೆ ಆಗಿಬಿಡುತ್ತದೆ. ಶಾಖ ಒಂದೆಡೆ ನಿಲ್ಲದೆ ಸುಳಿ ಸೊರಗುತ್ತದೆ. ಒಣಗಾಳಿ ಒಳಗೆ ನುಸುಳಿದರೂ ಅದೇ ಗತಿ. ಒಂದು ಕಡಿಮೆ ಒತ್ತಡ ಚಂಡಮಾರುತವಾಗುತ್ತದೋ, ಮಳೆ ಸುರಿಸಿ ಸುಮ್ಮನಾಗುತ್ತದೋ ಎನ್ನುವುದು ಈ ಎಳೆದಾಟದಲ್ಲಿ ಯಾರ ಕೈ ಮೇಲಾಗುತ್ತದೆ ಎಂಬುದರ ಮೇಲೆ ನಿಂತಿದೆ.

ಹಾಸನ ಕಾಯುವ ಕಣ್ಣು

ಕಡಲ ನಡುವೆ ಮಳೆಮಾಪಕ ಅಪರೂಪ. ಹಡಗುಗಳು ಬಿರುಗಾಳಿಯ ಸುದ್ದಿ ಸಿಕ್ಕಿದರೆ ದೂರ ಸರಿಯುತ್ತವೆ. ಹೀಗಾಗಿ 1960ರ ಏಪ್ರಿಲ್‌ನಲ್ಲಿ ಅಮೆರಿಕದ ಟೈರೋಸ್-1 ಉಪಗ್ರಹ ಮೋಡಗಳ ಚಿತ್ರ ಕಳಿಸುವವರೆಗೆ, ಕೊಲ್ಲಿಯ ಒಡಲಲ್ಲಿ ಏನು ನಡೆದಿದೆ ಎಂಬುದು ಬಹುಪಾಲು ಊಹೆಯ ಮಾತಾಗಿತ್ತು. 19ನೆಯ ಶತಮಾನದ ಕೊನೆಯಲ್ಲಿ ಮೈಸೂರು ಸಂಸ್ಥಾನ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ಹವಾಮಾನ ವೀಕ್ಷಣಾಲಯಗಳನ್ನು ತೆರೆದಿತ್ತು. ವಾಯುಭಾರಮಾಪಕದ ಪಾದರಸ ಇಳಿದಾಗ ಎಲ್ಲೋ ಏನೋ ಆಗುತ್ತಿದೆ ಎಂದು ಗೊತ್ತಾಗುತ್ತಿತ್ತು. ಎಲ್ಲಿ, ಎಷ್ಟು ಎಂಬುದು ಗೊತ್ತಾಗುವ ಹೊತ್ತಿಗೆ ಮಳೆಯೇ ಬಂದಿರುತ್ತಿತ್ತು.

ಅದೇ ಹಾಸನದಲ್ಲಿ 1982ರಿಂದ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಇನ್‌ಸ್ಯಾಟ್ ಉಪಗ್ರಹಗಳನ್ನು ಅವುಗಳ ಜಾಗದಲ್ಲೇ ನಿಲ್ಲಿಸಿ, ಆರೋಗ್ಯ ನೋಡಿಕೊಳ್ಳುವುದು ಇದರ ಕೆಲಸ. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಭೂಮಿಯ ಜೊತೆಗೇ ಸುತ್ತುವ ಈ ಉಪಗ್ರಹಗಳು ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತೆ. ಅವುಗಳ ಕಣ್ಣೆದುರಿಗೆ ಯಾವಾಗಲೂ ಭಾರತ ಮತ್ತು ಅದರ ಎರಡು ಬದಿಯ ಕಡಲು. 2016ರಲ್ಲಿ ಹಾರಿದ ಇನ್‌ಸ್ಯಾಟ್-3ಡಿಆರ್, 2024ರ ಫೆಬ್ರುವರಿ 17ರಂದು ಹಾರಿದ ಇನ್‌ಸ್ಯಾಟ್-3ಡಿಎಸ್ ಎರಡೂ ಹವಾಮಾನಕ್ಕೆಂದೇ ಮಾಡಿದವು. ಒಂದೊಂದೂ ಅರ್ಧ ಗಂಟೆಗೊಮ್ಮೆ ಚಿತ್ರ ಕಳಿಸಬಲ್ಲದು. ಸರದಿಯಲ್ಲಿ ಕ್ಲಿಕ್ಕಿಸಿದರೆ ಕಾಲು ಗಂಟೆಗೊಂದು ಚಿತ್ರ.

ಮೊಬೈಲಿನಲ್ಲಿ ಹರಿದಾಡುವ ಆ ಬಿಳಿ ಮೋಡದ ಚಿತ್ರ ಬಹುತೇಕ ಇನ್‌ಫ್ರಾರೆಡ್ ಚಿತ್ರ. ಅದರಲ್ಲಿ ಬಿಳುಪು ಎಂದರೆ ಚಳಿ. ಮೋಡದ ನೆತ್ತಿ ಎತ್ತರಕ್ಕೆ ಹೋದಷ್ಟೂ ತಣ್ಣಗಾಗುತ್ತದೆ, ಮೈನಸ್ 70 ಡಿಗ್ರಿಗೂ ಕೆಳಗಿಳಿಯುವುದುಂಟು. ಹಾಗೆಂದು ಅತಿ ಬಿಳಿಯ ಜಾಗದಲ್ಲೇ ಅತಿ ಮಳೆ ಎಂದುಕೊಂಡರೆ ಮೋಸ ಹೋದಂತೆ. ಮೋಡದ ಕಂಬ ಮೇಲೆ ತಲುಪಿ ಹರಡಿದ ತೆಳು ಹಿಮಮೋಡವೂ ಅಷ್ಟೇ ಬಿಳಿಯಾಗಿ ಕಾಣುತ್ತದೆ, ಅದರ ಕೆಳಗೆ ಹನಿ ಮಳೆಯೂ ಇರದೇ ಹೋಗಬಹುದು. ಕಣ್ಣಿಗೆ ಕಾಣುವ ಬೆಳಕಿನ ಚಿತ್ರ ಹೆಚ್ಚು ಸ್ಪಷ್ಟ, ಆದರೆ ಸೂರ್ಯ ಮುಳುಗಿದರೆ ಅದು ಕುರುಡು. ಮೂರನೆಯದು ನೀರಾವಿಯ ಚಿತ್ರ. ಮೋಡವಿಲ್ಲದ ಕಡೆಯೂ ಗಾಳಿಯಲ್ಲಿ ತೇವ ಎಷ್ಟಿದೆ, ಒಣಗಾಳಿ ಯಾವ ಕಡೆಯಿಂದ ಸುಳಿಯೊಳಗೆ ನುಗ್ಗುತ್ತಿದೆ ಎಂಬುದನ್ನು ಅದು ತೋರಿಸುತ್ತದೆ.

ಚಿತ್ರ ನೋಡಿ ಗಾಳಿಯ ವೇಗ ಹೇಳುವ ವಿದ್ಯೆಯನ್ನು ರೂಪಿಸಿದವರು ಅಮೆರಿಕದ ವರ್ನನ್ ಡ್ವೊರಾಕ್, 1970ರ ದಶಕದಲ್ಲಿ. ಮೋಡದ ಪಟ್ಟಿ ನಡುವಿನ ಸುತ್ತ ಎಷ್ಟು ಸುತ್ತಿಕೊಂಡಿದೆ, ನಡುವಿಗೂ ದಟ್ಟ ಮೋಡಕ್ಕೂ ಎಷ್ಟು ದೂರ, ಕಣ್ಣು ಮೂಡಿದ್ದರೆ ಅದು ಎಷ್ಟು ಬೆಚ್ಚಗಿದೆ ಎಂದೆಲ್ಲ ಅಳೆದು ಒಂದರಿಂದ ಎಂಟರವರೆಗೆ ಅರ್ಧರ್ಧ ಹೆಜ್ಜೆಯಲ್ಲಿ ಅಂಕ ಕೊಡುವುದು ಆ ಕ್ರಮ. ನಮ್ಮ ಕಡಲಿನಲ್ಲಿ ಅಂಕ 1.5 ಬಂದರೆ ವಾಯುಭಾರ ಕುಸಿತ, 2.5 ಬಂದರೆ ಚಂಡಮಾರುತ. ಅಂದರೆ ವಾಯುಭಾರ ಕುಸಿತಕ್ಕೂ ಹೆಸರಿಟ್ಟ ಚಂಡಮಾರುತಕ್ಕೂ ನಡುವೆ ಇರುವುದು ಒಂದೇ ಒಂದು ಅಂಕ. ಅದನ್ನು ಕೊಡುವುದು ಅನುಭವಿಯೊಬ್ಬರ ಕಣ್ಣು. ಇದಕ್ಕೆ ಸಾಕ್ಷಿಯಾಗಿ ನಿಲ್ಲುವುದು ಸ್ಕ್ಯಾಟರೋಮೀಟರ್ ಎಂಬ ಉಪಕರಣ. 2022ರ ನವೆಂಬರ್‌ನಲ್ಲಿ ಇಸ್ರೊ ಹಾರಿಸಿದ ಓಷನ್‌ಸ್ಯಾಟ್-3 ಇದನ್ನು ಹೊತ್ತಿದೆ. ಗಾಳಿ ಬೀಸಿದಾಗ ಕಡಲ ಮೇಲೆ ಏಳುವ ಪುಟ್ಟ ಅಲೆಗಳಿಗೆ ರೇಡಿಯೊ ತರಂಗ ಬಡಿದು ಮರಳುವ ರೀತಿಯಿಂದ ಗಾಳಿಯ ವೇಗ, ದಿಕ್ಕು ಎರಡನ್ನೂ ಅದು ಲೆಕ್ಕ ಹಾಕುತ್ತದೆ. ಆದರೆ ಈ ಉಪಗ್ರಹ ನಿಂತಲ್ಲಿ ನಿಲ್ಲುವುದಿಲ್ಲ, ಭೂಮಿಯನ್ನು ಸುತ್ತುತ್ತಿರುತ್ತದೆ. ಬೇಕಾದ ಹೊತ್ತಿಗೆ ಅದು ಸುಳಿಯ ಮೇಲೆಯೇ ಹಾದುಹೋಗಬೇಕೆಂದಿಲ್ಲ.

ಚೌಕದೊಳಗಿನ ಊರು

ಉಪಗ್ರಹ ಈಗ ಏನಿದೆ ಎಂದು ಹೇಳುತ್ತದೆ. ನಾಡಿದ್ದು ಏನಾಗುತ್ತದೆ ಎಂದು ಹೇಳಬೇಕಾದರೆ ಲೆಕ್ಕ ಬೇಕು. ಆ ಲೆಕ್ಕವನ್ನು ಮೊದಲು ಕೈಯಲ್ಲೇ ಮಾಡಿ ನೋಡಿದವರು ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್. 1910ರ ಮೇ 20ರ ಹವೆಯನ್ನು ತೆಗೆದುಕೊಂಡು, ಆರು ಗಂಟೆಗಳಲ್ಲಿ ಒತ್ತಡ ಎಷ್ಟು ಬದಲಾಗುತ್ತದೆ ಎಂದು ಅವರು ಲೆಕ್ಕ ಹಾಕಿದರು. ಉತ್ತರ ಬಂದದ್ದು 145 ಹೆಕ್ಟೊಪಾಸ್ಕಲ್ ಏರಿಕೆ. ಆ ದಿನ ನಿಜಕ್ಕೂ ಒತ್ತಡ ಬಹುತೇಕ ಅಲುಗಿರಲೇ ಇಲ್ಲ. ಅಷ್ಟು ದೊಡ್ಡ ಸೋಲನ್ನು ಅವರು ಬಚ್ಚಿಡದೆ 1922ರ ತಮ್ಮ ಪುಸ್ತಕದಲ್ಲಿ ವಿವರವಾಗಿ ಅಚ್ಚು ಹಾಕಿಸಿದರು. ದಾರಿ ಸರಿಯಿತ್ತು, ಆರಂಭದ ಅಂಕಿಗಳಲ್ಲಿ ಎಡವಟ್ಟಿತ್ತು. 1950ರಲ್ಲಿ ಎನಿಯಾಕ್ ಎಂಬ ಕಂಪ್ಯೂಟರು ಅದೇ ದಾರಿಯಲ್ಲಿ ನಡೆದು ಮೊದಲ ಮುನ್ಸೂಚನೆ ಕೊಟ್ಟಿತು. ಈ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ 1986ರಲ್ಲಿ ಕಟ್ಟಿದ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರಿನ ಮುಂದಿನ ಪೀಳಿಗೆಗಳ ಮೇಲೆ ‘ವರ್ಷ’ ಎಂಬ ಮುಂಗಾರು ಮಾದರಿ ಓಡಿತು.

ಮಾದರಿ ಎಂದರೆ ಭೂಮಿಯ ಮೇಲೆ ಬಲೆ ಹಾಸಿದಂತೆ. ಬಲೆಯ ಒಂದೊಂದು ಚೌಕಕ್ಕೂ, ಅದರ ಮೇಲೆ ಅಂತಸ್ತು ಅಂತಸ್ತಾಗಿ ಎತ್ತರಕ್ಕೂ, ಉಷ್ಣಾಂಶ, ಒತ್ತಡ, ತೇವ, ಗಾಳಿ ಇವುಗಳ ಒಂದೊಂದು ಅಂಕಿ. ಕೆಲವು ನಿಮಿಷ ಮುಂದಕ್ಕೆ ಲೆಕ್ಕ ಹಾಕು, ಬಂದ ಉತ್ತರದಿಂದ ಮತ್ತೆ ಮುಂದಿನ ಲೆಕ್ಕ ಹಾಕು. ಹೀಗೆ ಹತ್ತು ದಿನ. ಫೆಂಗಲ್ ಬಂದಾಗ ಭಾರತದ ಮುಖ್ಯ ಜಾಗತಿಕ ಮಾದರಿಗಳ ಚೌಕ ಸುಮಾರು 12 ಕಿ.ಮೀ.ಯದು. ಅಷ್ಟಗಲದ ಚೌಕದಲ್ಲಿ ಹೆಮ್ಮಿಗೆಯೂ ತಲಕಾಡೂ ಒಟ್ಟಿಗೆ ಕೂರಬಲ್ಲವು. ತಿ. ನರಸೀಪುರ ಪಕ್ಕದ ಚೌಕಕ್ಕೆ ಬೀಳಬಹುದು. ಒಂದು ಗದ್ದೆಯಲ್ಲಿ ಸುರಿದು ಪಕ್ಕದ ಗದ್ದೆ ಒಣಗಿರುವ ಗುಡುಗು ಮಳೆ ಇಷ್ಟು ದೊಡ್ಡ ಚೌಕಕ್ಕೆ ಕಾಣುವುದೇ ಇಲ್ಲ. ನೂರಾರು ಕಿ.ಮೀ. ಅಗಲದ ಸುಳಿ ಚೆನ್ನಾಗಿಯೇ ಕಾಣುತ್ತದೆ.

ಆರಂಭದ ಅಂಕಿಗಳಿಗೆ ಉಪಗ್ರಹಗಳ ಅಳತೆ ಬೇಕು. ಅದರ ಜೊತೆಗೆ ಬೆಳಗ್ಗೆ 5.30ಕ್ಕೆ, ಸಂಜೆ 5.30ಕ್ಕೆ ಚೆನ್ನೈ, ಕಾರೈಕಲ್, ಮಂಗಳೂರಿನಂಥ ಕೇಂದ್ರಗಳ ಮೇಲಿನ ಗಾಳಿಯನ್ನು ಅಳೆಯಲು ಏರುವ ಬಲೂನುಗಳೂ ಬೇಕು. ಭಾರತದಲ್ಲಿ ಆ ಹೊತ್ತು ಲೋಕದ ಗಡಿಯಾರದ ಸೊನ್ನೆ ಗಂಟೆ ಮತ್ತು ಹನ್ನೆರಡು ಗಂಟೆ. ಜಗತ್ತಿನ ಬಹುಪಾಲು ಬಲೂನುಗಳು ಆ ಹೊತ್ತಿನ ಗಾಳಿಯನ್ನೇ ಅಳೆಯುತ್ತವೆ. ನಮ್ಮ ಇಲಾಖೆಯ ಪ್ರಕಟಣೆಗಳಲ್ಲಿ ‘ಇಂದು ಬೆಳಗ್ಗೆ 5.30ರಂತೆ’ ಎಂಬ ಮಾತು ಪದೇ ಪದೇ ಬರುವುದು ಇದಕ್ಕೇ.

ಎಷ್ಟೇ ಅಳೆದರೂ ಕೊಲ್ಲಿಯಲ್ಲಿ ತೂತುಗಳು ಉಳಿಯುತ್ತವೆ. ಸಣ್ಣ ತೂತು ದೊಡ್ಡದಾಗುವ ಬಗೆಯನ್ನು 1961ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಝ್ ಆಕಸ್ಮಿಕವಾಗಿ ಕಂಡರು. ಹಳೆಯ ಲೆಕ್ಕವೊಂದನ್ನು ಮತ್ತೆ ಓಡಿಸುವಾಗ 0.506127 ಎಂದು ಕೊಡಬೇಕಾದ ಕಡೆ 0.506 ಎಂದು ಮೊಟಕಾಗಿ ಕೊಟ್ಟರು. ಸ್ವಲ್ಪ ಹೊತ್ತು ಎರಡೂ ಲೆಕ್ಕ ಜೊತೆಜೊತೆಗೆ ನಡೆದು, ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಬೇರೆಯಾದವು. ಇದಕ್ಕೆ ಹವಾಮಾನದವರು ಕಂಡುಕೊಂಡ ಉಪಾಯ ಒಂದೇ ಮಾದರಿಯನ್ನು ಆರಂಭದಲ್ಲಿ ಕೂದಲೆಳೆಯಷ್ಟು ಬದಲಿಸಿ ಹಲವು ಬಾರಿ ಓಡಿಸುವುದು. 2018ರಿಂದ ಭಾರತದ ಒಂದು ವ್ಯವಸ್ಥೆಯಲ್ಲಿ 21 ಓಟಗಳಿವೆ, ಯುರೋಪಿನ ಕೇಂದ್ರದಲ್ಲಿ 51. ಎಲ್ಲ ಗೆರೆಗಳೂ ಒಂದೇ ಕಡೆ ಹೋದರೆ ಧೈರ್ಯವಾಗಿ ಹೇಳಬಹುದು. ಬೀಸಣಿಗೆಯಂತೆ ಬಿಚ್ಚಿಕೊಂಡರೆ ನಾಲಿಗೆ ಬಿಗಿ ಹಿಡಿಯಬೇಕು.

ಫೆಂಗಲ್ ಎಳೆದ ಗೆರೆ

ನವೆಂಬರ್ 25ರಂದು ಕೊಲ್ಲಿಯ ಆಗ್ನೇಯದಲ್ಲಿ ವಾಯುಭಾರ ಕುಸಿತ, ಮರುದಿನ ತೀವ್ರ ವಾಯುಭಾರ ಕುಸಿತ. 27ರ ಹೊತ್ತಿಗೆ ಚಂಡಮಾರುತವಾಗುತ್ತದೆ ಎಂಬ ನಿರೀಕ್ಷೆ. 27 ಬಂತು, ಹೋಯಿತು. ಸುಳಿ ಶ್ರೀಲಂಕೆಯ ಪೂರ್ವ ಕರಾವಳಿಗೆ ಅಂಟಿಕೊಂಡಂತೆ ನಿಧಾನವಾಗಿ ಸಾಗಿತು. ಒಂದು ಮಗ್ಗುಲಲ್ಲಿ ನೆಲ ಉಜ್ಜುತ್ತಿದ್ದ ಸುಳಿಗೆ ಕಡಲಿನ ಆವಿ ಪೂರ್ತಿ ಸಿಗುವುದಿಲ್ಲ. 28ಕ್ಕೆ ಇಲಾಖೆ ಮಾತು ಬದಲಿಸಿತು: ಇದು ಚಂಡಮಾರುತವಾಗದೆ, ತೀವ್ರ ವಾಯುಭಾರ ಕುಸಿತವಾಗಿಯೇ ದಡ ಸೇರಬಹುದು. ಮರುದಿನ, 29ರ ಮಧ್ಯಾಹ್ನ, ಅದು ಚಂಡಮಾರುತವಾಯಿತು.

ನಗುವುದು ಸುಲಭ. ಆದರೆ ಆ ಎರಡು ದಿನ ಗಾಳಿಯ ವೇಗ 62ರ ಗೆರೆಯ ಹತ್ತಿರವೇ ಆಡುತ್ತಿತ್ತು ಎಂಬುದನ್ನು ಮರೆಯಬಾರದು. ಡ್ವೊರಾಕ್ ಅಂಕದಲ್ಲಿ ಅದು ಅರ್ಧ ಅಂಕದ ವ್ಯವಹಾರ. ಹೆಸರು ಬದಲಾದರೂ ಸುಳಿಯೊಳಗಿನ ನೀರು ಬದಲಾಗಲಿಲ್ಲ.

ದಾರಿಯ ವಿಚಾರ ಬೇರೆ. ತಮಿಳುನಾಡಿನ ಉತ್ತರ ಕರಾವಳಿ, ಪುದುಚೇರಿಯ ಕಡೆ ಎಂದು ದಿನಗಳ ಮೊದಲೇ ಹೇಳಿದ್ದು ನಿಜವಾಯಿತು. 30ರ ರಾತ್ರಿ ಫೆಂಗಲ್ ಪುದುಚೇರಿಯ ಬಳಿ, ಗಂಟೆಗೆ 70ರಿಂದ 80 ಕಿ.ಮೀ. ಗಾಳಿಯೊಂದಿಗೆ ನೆಲ ಮುಟ್ಟಿತು. ಸುಳಿಯ ದಾರಿಯನ್ನು ನಿರ್ಧರಿಸುವುದು ಅದನ್ನು ತೇಲಿಸಿಕೊಂಡು ಹೋಗುವ ಸುತ್ತಲಿನ ದೊಡ್ಡ ಗಾಳಿ. ಅದು ಮಾದರಿಗಳಿಗೆ ಚೆನ್ನಾಗಿ ಕಾಣುತ್ತದೆ. ಬಲವನ್ನು ನಿರ್ಧರಿಸುವುದು ನಡುವಿನ ಕೆಲವೇ ಕಿ.ಮೀ.ಗಳ ಮೋಡದ ಕುದಿತ. ಅದು 12 ಕಿ.ಮೀ. ಚೌಕದೊಳಗೆ ಕರಗಿಹೋಗುತ್ತದೆ. ಈಚಿನ ವರ್ಷಗಳಲ್ಲಿ ಇಲಾಖೆಯ 24 ಗಂಟೆ ಮುಂಚಿನ ದಾರಿಯ ತಪ್ಪು ಸರಾಸರಿ 70ರಿಂದ 80 ಕಿ.ಮೀ. ಇಷ್ಟು ದೊಡ್ಡ ಕೊಲ್ಲಿಗೆ ಇದು ದೊಡ್ಡ ಸಾಧನೆ. ಹೆಮ್ಮಿಗೆಯ ಲೆಕ್ಕದಲ್ಲಿ ಅದು ಮೈಸೂರಿಗೆ ಹೋಗುವ ದಾರಿಗಿಂತ ಉದ್ದ.

ಫೆಂಗಲ್‌ನ ನಿಜವಾದ ಆಟ ನೆಲದ ಮೇಲೆ ಶುರುವಾಯಿತು. ದಡ ಸೇರಿದ ಸುಳಿ ಪುದುಚೇರಿಯ ಹತ್ತಿರ ಗಂಟೆಗಟ್ಟಲೆ ಕದಲದೆ ನಿಂತುಬಿಟ್ಟಿತು. ಮುಂದೆ ತಳ್ಳುವ ಗಾಳಿ ಸೋತಾಗ ಹೀಗಾಗುತ್ತದೆ. ಒಂದೇ ದಿನದಲ್ಲಿ ಅಲ್ಲಿ 46 ಸೆಂ.ಮೀ.ಗೂ ಹೆಚ್ಚು ಮಳೆ. ನಂತರ ಬಲ ಕಳೆದುಕೊಂಡು ಪಶ್ಚಿಮಕ್ಕೆ ಹೊರಳಿದ ಅದರ ಉಳಿಕೆ, ಕರ್ನಾಟಕದ ಗಡಿಗೆ ಸಮೀಪದ ಕೃಷ್ಣಗಿರಿ ಜಿಲ್ಲೆಯ ಊತಂಗರೆಯಲ್ಲಿ ಒಂದು ದಿನಕ್ಕೆ ಸುಮಾರು 50 ಸೆಂ.ಮೀ. ಸುರಿಸಿತು. ಆ ಹೊತ್ತಿಗೆ ಚಂಡಮಾರುತ ಎಂಬ ಬಿರುದು ಕಳಚಿಹೋಗಿತ್ತು. ಕರ್ನಾಟಕದ ದಕ್ಷಿಣ ಒಳನಾಡಿನಲ್ಲಿ ಡಿಸೆಂಬರ್ ಮೊದಲ ದಿನಗಳು ಜಡಿಮಳೆಯಲ್ಲೇ ಕಳೆದವು, ಹಲವು ಜಿಲ್ಲೆಗಳಲ್ಲಿ ಶಾಲೆಗಳಿಗೆ ರಜೆ ಕೊಟ್ಟರು. 3ರಂದು ಉಳಿದ ಸುಳಿ ಕರಾವಳಿ ದಾಟಿ ಅರಬ್ಬೀ ಸಮುದ್ರಕ್ಕೆ ಇಳಿಯಿತು.

ಹೆಮ್ಮಿಗೆಯ ಭತ್ತಕ್ಕೆ ಬೇಕಾಗಿದ್ದ ಮಾಹಿತಿ ಸುಳಿಯ ಹೆಸರಿನಲ್ಲಿರಲಿಲ್ಲ, ಗಾಳಿಯ ವರ್ಗದಲ್ಲೂ ಇರಲಿಲ್ಲ. ಅದು ದಡ ಸೇರಿದ ಮೇಲೆ ಎಷ್ಟು ನಿಧಾನ ನಡೆಯುತ್ತದೆ, ತೇವವನ್ನು ಎಷ್ಟು ದೂರ ಹೊತ್ತು ತರುತ್ತದೆ ಎಂಬುದರಲ್ಲಿತ್ತು. ಅದನ್ನು ಓದಬೇಕಾದರೆ ಚಿತ್ರವನ್ನೂ ಲೆಕ್ಕವನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು. ಮಾದರಿ ‘ಇಲ್ಲಿರುತ್ತದೆ’ ಎಂದ ಜಾಗದಲ್ಲಿ ಉಪಗ್ರಹದ ಚಿತ್ರದ ಸುಳಿ ಇಲ್ಲದಿದ್ದರೆ, ಆ ಓಟದ ಮುಂದಿನ ಮಾತಿಗೆ ಅಷ್ಟೇ ಬೆಲೆ ಕಡಿಮೆ. ಮುನ್ಸೂಚಕರು ದಿನವೂ ಮಾಡುವ ಕೆಲಸ ಈ ತಾಳೆ ನೋಡುವುದೇ.

ದೂರದ ಸುಳಿ, ಹತ್ತಿರದ ಹೊಳೆ

ಕೊಲ್ಲಿಯ ಸುಳಿ ಈ ಸೀಮೆಗೆ ಬರುವ ಇನ್ನೊಂದು ದಾರಿಯಿದೆ. ಅದು ಆಕಾಶದಿಂದ ಬಾರದೆ ಹೊಳೆಯಲ್ಲಿ ಬರುತ್ತದೆ. 2019ರ ಆಗಸ್ಟ್ 6ರಂದು ಕೊಲ್ಲಿಯ ವಾಯವ್ಯದಲ್ಲಿ, ಒಡಿಶಾದ ಎದುರಿಗೆ, ವಾಯುಭಾರ ಕುಸಿತ ಉಂಟಾಯಿತು. 7ರಂದು ಅದು ಬಾಲಸೋರ್ ಬಳಿ ದಡ ಸೇರಿತು. ನಂಜನಗೂಡಿನಿಂದ ಸಾವಿರಕ್ಕೂ ಹೆಚ್ಚು ಕಿ.ಮೀ. ದೂರದ ಮಾತು. ಆದರೆ ಅಲ್ಲಿನ ತಗ್ಗು ಅರಬ್ಬೀ ಸಮುದ್ರದ ಮುಂಗಾರು ಗಾಳಿಯನ್ನು ಜೋರಾಗಿ ಎಳೆದುಕೊಂಡಿತು. ಎಳೆದ ಗಾಳಿ ಪಶ್ಚಿಮ ಘಟ್ಟಕ್ಕೆ ಬಡಿದು ವಯನಾಡಿನಲ್ಲಿ, ಕೊಡಗಿನಲ್ಲಿ ಸುರಿಯಿತು. ವಯನಾಡಿನ ನೀರು ಕಪಿಲೆಯದು, ಅಂದರೆ ಕಬಿನಿಯದು. ಬೀಚನಹಳ್ಳಿಯ ಕಬಿನಿ ಜಲಾಶಯ ಹಿಡಿಯುವುದು ಹತ್ತೊಂಬತ್ತೂವರೆ ಟಿಎಂಸಿ ಮಾತ್ರ, ತುಂಬಿದ ಮೇಲೆ ಬಂದದ್ದನ್ನೆಲ್ಲ ಬಿಡಲೇಬೇಕು. ಹೊರಹರಿವು ಒಂದು ಲಕ್ಷ ಕ್ಯುಸೆಕ್ ಮೀರಿತು. ನಂಜನಗೂಡಿನಲ್ಲಿ ಹದಿನಾರು ಕಾಲು ಮಂಟಪ ಮುಳುಗಿತು, ಮಲ್ಲನಮೂಲೆ ಮಠದ ಹತ್ತಿರ ಊಟಿ ರಸ್ತೆಯ ಮೇಲೆ ನೀರು ನಿಂತಿತು. ಆ ನೀರು ತಿ. ನರಸೀಪುರದ ಸಂಗಮದಲ್ಲಿ ಕಾವೇರಿಯನ್ನು ಕೂಡಿಕೊಂಡು ಕೆಳಗೆ ತಲಕಾಡು, ಹೆಮ್ಮಿಗೆಯ ಕಡೆ ಹರಿಯಿತು.

ಇಂಥ ದೂರದ ನಂಟನ್ನು ಉಪಗ್ರಹ ಚಿತ್ರಗಳಿಂದಲೇ ಅರಿಯುವ ಕೆಲಸದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಅವರ ಹೆಸರು ದೊಡ್ಡದು. 1970ರ ದಶಕದ ದಿನದಿನದ ಚಿತ್ರಗಳನ್ನು ಡಿ.ಆರ್. ಸಿಕ್ಕಾ ಅವರೊಡನೆ ಜೋಡಿಸಿ ನೋಡಿ, ಮುಂಗಾರಿನ ಮೋಡದ ಪಟ್ಟಿ ಭೂಮಧ್ಯರೇಖೆಯ ಕಡೆಯಿಂದ ಉತ್ತರಕ್ಕೆ ಮತ್ತೆ ಮತ್ತೆ ಸರಿಯುತ್ತದೆ ಎಂದು ಅವರು 1980ರಲ್ಲಿ ತೋರಿಸಿಕೊಟ್ಟರು.

ಆಗಸ್ಟಿನ ಸುಳಿಯಲ್ಲಿ ಒಂದು ಅನುಕೂಲವಿದೆ. ಕೊಲ್ಲಿಯಲ್ಲಿ ತಗ್ಗು ಕಾಣಿಸಿ, ಘಟ್ಟದಲ್ಲಿ ಮಳೆ ಹಿಡಿದು, ಜಲಾಶಯ ತುಂಬಿ, ನೀರು ಹೊಳೆಯಲ್ಲಿ ಇಳಿದು ಬರುವಷ್ಟರಲ್ಲಿ ದಿನಗಳು ಸಿಗುತ್ತವೆ. ದನಕರು, ಪಂಪ್‌ಸೆಟ್ಟುಗಳನ್ನು ದಂಡೆಯಿಂದ ಮೇಲಕ್ಕೆ ಸಾಗಿಸಲು ಅಷ್ಟು ಸಾಕು. ನವೆಂಬರಿನ ಸುಳಿ ಆ ಪುರುಸೊತ್ತು ಕೊಡುವುದಿಲ್ಲ.

ಅಲ್ಲಿ ನೆರವಾಗಬೇಕಾದ್ದು ಮಾದರಿಯ ಚಿಕ್ಕ ಚೌಕ. 2025ರ ಮೇ 26ರಂದು ಹವಾಮಾನ ಇಲಾಖೆ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಎಂಬ ಹೊಸ ಮಾದರಿಯನ್ನು ಬಳಕೆಗೆ ತಂದಿತು. ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿದ ಅದರ ಚೌಕ 6 ಕಿ.ಮೀ.ಯದು. ಮೊದಲು ಒಂದು ಚೌಕವಿದ್ದ ಕಡೆ ಈಗ ನಾಲ್ಕು. ಚೌಕ ಚಿಕ್ಕದಾದರೂ ಅದರೊಳಗಿನ ಅಂಕಿ ನಿಜವಾಯಿತೋ ಇಲ್ಲವೋ ಎಂದು ನೋಡಬೇಕಾದ್ದು ನೆಲದ ಮೇಲೇ. ಜಿಲ್ಲೆಗೆ ‘ಭಾರೀ ಮಳೆ’ ಎಂದು ಇಲಾಖೆ ಹೇಳಿದರೆ, ದಿನಕ್ಕೆ 64.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಎಂದರ್ಥ. ಆದರೆ ಎಚ್.ಡಿ. ಕೋಟೆಯ ಕಾಡಂಚಿಗೂ ತಲಕಾಡಿನ ಮರಳಿಗೂ ಅದೇ ಒಂದು ಮಾತು. ಯಾವ ಊರಿಗೆ ಎಷ್ಟು ಬಿತ್ತು ಎಂಬ ಲೆಕ್ಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು. ಅದು ಗ್ರಾಮ ಪಂಚಾಯ್ತಿಗೊಂದರಂತೆ ರಾಜ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ಇಟ್ಟಿದೆ. ಸೌರಫಲಕ ಹೊತ್ತ ಆ ಕಂಬದಲ್ಲಿ ಒಂದು ಪುಟ್ಟ ಪಾತ್ರೆ ತುಂಬಿದ ಹಾಗೆಲ್ಲ ಮಗುಚಿಕೊಳ್ಳುತ್ತದೆ. ಎಷ್ಟು ಬಾರಿ ಮಗುಚಿತು ಎಂಬ ಲೆಕ್ಕ 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಹೋಗುತ್ತದೆ.